ತೂಕದ ದಿನ

ಎಲ್ಲಕ್ಕೂ ಕಾರಣ ಒಂದು ಫ್ಲೆಕ್ಸು. ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಹತ್ತು ದಿನದಿಂದ ನಿಂತಿದ್ದ ಆ ಫ್ಲೆಕ್ಸಿನಲ್ಲಿ ಶಶಾಂಕನ ಮುಖ ಮೊರದಷ್ಟು ಅಗಲವಾಗಿತ್ತು. ಕೈಗೆ ಕೆಂಪು ಗ್ಲೌಸು, ಕಣ್ಣಲ್ಲಿ ಕೆಂಡ, ತಲೆಯ ಹಿಂದೆ ಸಿಡಿಲು. ಕೆಳಗೆ ‘ಮುಖ್ಯ ಪಂದ್ಯ, ಎಂಟು ರೌಂಡು’ ಎಂಬ ದಪ್ಪ ಅಕ್ಷರ. ಕಾಂತೇಶನ ಮುಖವೂ ಇತ್ತು, ಇಲ್ಲ ಎನ್ನುವಂತಿಲ್ಲ. ಊಟದೆಲೆಯ ತುದಿಗೆ ಬಡಿಸಿದ ಉಪ್ಪಿನಷ್ಟು, ಕೆಳಮೂಲೆಯಲ್ಲಿ. ಅದರ ಮೇಲೂ ಯಾರೋ ಸೈಕಲ್ ಒರಗಿಸಿದ್ದರು.

ಕಾಂತೇಶ ವೃತ್ತಿಪರ ಬಾಕ್ಸರ್ ಆಗಿ ಆರು ವರ್ಷವಾಗಿತ್ತು. ಒಂಬತ್ತು ಪಂದ್ಯ ಆಡಿದ್ದ. ಎರಡು ಗೆದ್ದಿದ್ದ, ಆರು ಸೋತಿದ್ದ. ಒಂದರಲ್ಲಿ ಎದುರಾಳಿಯೂ ಇವನೂ ಒಟ್ಟಿಗೇ ಸುಸ್ತಾಗಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತಿದ್ದರಿಂದ ಸಮ ಎಂದು ತೀರ್ಪಾಗಿತ್ತು. ಶಶಾಂಕ ನಿನ್ನೆ ಮೊನ್ನೆ ಬಂದವನು. ಕೈಗೆ ಪಟ್ಟಿ ಸುತ್ತಿಕೊಳ್ಳುವುದು ಹೇಗೆಂದು ಅವನಿಗೆ ಕಲಿಸಿದವನೇ ಕಾಂತೇಶ. ಐದು ಪಂದ್ಯ, ಐದೂ ಗೆಲುವು. ಅದನ್ನು ನೆನೆದಾಗಲೆಲ್ಲ ಕಾಂತೇಶನ ಹೊಟ್ಟೆಯೊಳಗೆ ಹಸಿ ಕಟ್ಟಿಗೆಗೆ ಬೆಂಕಿ ಇಟ್ಟ ಹಾಗಾಗುತ್ತಿತ್ತು. ಹತ್ತಿ ಉರಿಯುವುದೂ ಇಲ್ಲ, ಆರಿ ಹೋಗುವುದೂ ಇಲ್ಲ, ಬರೀ ಹೊಗೆ.

ಹೊಗೆಗೆ ಊದುಗೊಳವೆ ಹಿಡಿದವರು ಅಪ್ಪ ವೃಷಭೇಂದ್ರಪ್ಪ. ನರಸಿಂಹರಾಜಪುರದಲ್ಲಿ ಅವರದು ಕಿರಾಣಿ ಅಂಗಡಿ. ಮಗನ ಒಂದು ಪಂದ್ಯವನ್ನೂ ಅವರು ನೋಡಿರಲಿಲ್ಲ. “ಮುಖ್ಯ ಪಂದ್ಯ ಆಡೋ ದಿನ ಹೇಳು ಮಾರಾಯ, ಅಂಗಡಿ ಬಾಗಿಲು ಹಾಕಿ ಬರ್ತೀನಿ. ಅಲ್ಲೀವರೆಗೆ ನನ್ನ ಕರೀಬೇಡ,” ಎಂದಿದ್ದರು. ಆರು ವರ್ಷದಲ್ಲಿ ಅಂಗಡಿಯ ಬಾಗಿಲು ಒಮ್ಮೆಯೂ ಮುಚ್ಚಲಿಲ್ಲ. ಕಾಂತೇಶನಿಗೆ ಮೂವತ್ತೆರಡು ತುಂಬಿತು. ಇದೇ ಕೊನೆಯ ಪಂದ್ಯ, ಆಮೇಲೆ ಅಂಗಡಿಯಲ್ಲಿ ಕೂರುತ್ತೇನೆ ಎಂದು ಅಮ್ಮ ನೀಲಾಂಬಿಕೆಗೆ ಮಾತು ಕೊಟ್ಟೂ ಆಗಿತ್ತು.

ನಾಳೆ ಪಂದ್ಯ. ಇವತ್ತು ಸಂಜೆ ಐದಕ್ಕೆ ತೂಕ. ಬಾಕ್ಸಿಂಗಿನಲ್ಲಿ ಹೊಡೆದಾಟಕ್ಕಿಂತ ಮೊದಲು ತಕ್ಕಡಿ. ಗೊತ್ತು ಮಾಡಿದ ತೂಕಕ್ಕೆ ಸರಿಹೋಗದಿದ್ದರೆ ಪಂದ್ಯ ರದ್ದು. ಮುಖ್ಯ ಪಂದ್ಯ ರದ್ದಾದರೆ ಅದರ ಕೆಳಗಿನದು ಮೇಲೆ ಬರುತ್ತದೆ. ಕೆಳಗಿನದು ಕಾಂತೇಶನದು.

ಬೆಳಿಗ್ಗೆ ಟೈರ್ ಅಂಗಡಿಯ ಮಹಡಿಯ ಮೇಲಿನ ಜಿಮ್ಮಿನಲ್ಲಿ ಶಶಾಂಕ ತೂಕದ ಮಿಶಿನ್ ಹತ್ತಿದ್ದನ್ನು ಕಾಂತೇಶ ಓರೆಗಣ್ಣಿನಲ್ಲಿ ನೋಡಿದ. ಸರಿಯಾಗಿ ಅರವತ್ತೊಂದು ಕೆಜಿ. ಹುಡುಗನ ಮುಖ ಸಪ್ಪಗಾಯಿತು. ಆಗದೆ ಏನು? ಅರವತ್ತೊಂದು ಕೆಜಿ ಇನ್ನೂರು ಗ್ರಾಂ ಮೇಲೆ ಒಂದು ತೊಟ್ಟು ಹೆಚ್ಚಾದರೂ ಔಟು. ಇನ್ನೂರು ಗ್ರಾಂ ಅಂದರೆ ಎರಡು ಲೋಟ ಕಾಫಿ! ಕಾಂತೇಶ ಹತ್ತಿದಾಗ ಅರವತ್ತೂವರೆ ತೋರಿಸಿತು. ಇವನಿಗೆ ಏಳುನೂರು ಗ್ರಾಂ ಪುರಸೊತ್ತಿತ್ತು.

ಆ ಹೊತ್ತಿಗೆ ಕೋಚ್ ರೇಣುಕಪ್ಪ ಬಂದರು. “ಶೃಂಗೇರಿ ಕಡೆ ಮೂರು ಮನೆಗೆ ಆಮಂತ್ರಣ ಕೊಡೋದು ಉಳಿದಿದೆ. ಇಬ್ರೂ ಬೈಕಲ್ಲಿ ಹೋಗಿ ಐದರೊಳಗೆ ಬಂದ್ಬಿಡಿ. ಕಾಂತೇಶ, ನೀನು ಬಾಯಿಗೆ ಬೀಗ ಹಾಕ್ಕೊ. ನಿನ್ನ ನಾಲಿಗೆ ನಂಗೆ ಗೊತ್ತು.”

ಕಾಂತೇಶನ ತಲೆಯಲ್ಲಿ ದೀಪ ಹತ್ತಿತು. ಟೈರುಗಳ ಹಿಂದೆ ನಿಂತು ಮೂರೂ ಮನೆಗೆ ಫೋನು ಮಾಡಿದ. “ಶಶಾಂಕ ಬರ್ತಿದಾನೆ. ಪಾಪ, ಹೊಟ್ಟೆಗೆ ಸರಿಯಾಗಿ ಬಿದ್ದು ವಾರ ಆಯ್ತು. ನಾಚಿಕೆ ಸ್ವಭಾವ, ಬೇಡ ಅಂತಾನೆ. ನೀವು ಬಿಡಬೇಡಿ.”

ಹಸಿದವನು ಬರುತ್ತಾನೆ ಎಂದು ಆ ಕಡೆಯವರಿಗೆ ಫೋನು ಮಾಡುವುದೂ ಒಂದೇ, ಬಂದೂಕಿಗೆ ಮದ್ದು ತುಂಬಿ ಕೊಡುವುದೂ ಒಂದೇ.

ಅಡ್ಡಗದ್ದೆಯ ರಂಗಪ್ಪನವರ ಮನೆಯಲ್ಲಿ ಇವರು ಚಪ್ಪಲಿ ಬಿಡುವ ಮೊದಲೇ ಎಲೆ ಹಾಕಿತ್ತು. ಒಂದಲ್ಲ, ಎರಡು. ಕಡುಬಿನ ಹಬೆ ಜಗಲಿಯವರೆಗೂ ಬರುತ್ತಿತ್ತು.

“ನಂಗೆ ಬೇಡ ವನಜಮ್ಮ. ಇವನಿಗೆ ಹಾಕಿ,” ಎಂದ ಕಾಂತೇಶ.

“ಎಂತ ಮಾತು ಅಂತ ಆಡ್ತೀಯ ಮಾರಾಯ!” ವನಜಮ್ಮ ಸೌಟು ಎತ್ತಿದರು. “ಒಬ್ಬನಿಗೆ ಬಡಿಸಿ ಇನ್ನೊಬ್ಬನ್ನ ಬಾಯಿ ನೋಡ್ಕಂಡು ಕೂರ್ಸೋದಾ? ಪಂಕ್ತಿಭೇದ ಮಾಡಿದ ಮನೆ ಅನ್ನಿಸ್ಕೊಂಡ್ರೆ ನಾಳೆ ನಮ್ಮ ಜಗಲಿ ಹತ್ತೋರು ಯಾರು? ಕೂತ್ಕೊ.”

“ಕೂತ್ಕಂಬಿಡು,” ಎಂದರು ರಂಗಪ್ಪ, ಮೂವತ್ತು ವರ್ಷದ ಅನುಭವದಿಂದ. “ಅವಳ ಹತ್ರ ನಾನೇ ಗೆದ್ದಿಲ್ಲ, ನೀನು ಯಾವ ಬಾಕ್ಸರ್ರು!”

ಕೂತ. ಎಲೆಯ ಮೇಲೆ ಕಡುಬು, ಕಾಯಿಚಟ್ನಿ, ತುಪ್ಪ. ಶಶಾಂಕ ಮಾತ್ರ ಕೈ ಮಡಿಚಿಕೊಂಡೇ ಇದ್ದ. “ನೀವು ಶುರು ಮಾಡದೆ ನಂಗೆ ಇಳಿಯಲ್ಲ ಅಣ್ಣ. ಮುಂಚಿಂದಲೂ ಹಂಗೇ. ಒಬ್ಬನೇ ಉಣ್ಣೋಕೆ ಕೂತ್ರೆ ಗಂಟಲು ಕಟ್ಟುತ್ತೆ.”

ಕಾಂತೇಶ ಮನಸ್ಸಿನಲ್ಲೇ ತೂಗಿದ. ಒಂದು ಕಡುಬು ನೂರು ಗ್ರಾಂ. ತನಗೆ ಜಾಗ ಇದೆ, ಅವನಿಗೆ ಇಲ್ಲ. ಒಂದು ತಿಂದ, ಶಶಾಂಕ ಒಂದು ತಿಂದ. ಕಾಂತೇಶ ನಿಲ್ಲಿಸಿದರೆ ಅವನೂ ನಿಲ್ಲಿಸುತ್ತಿದ್ದ, ಜೋಡಿ ಎತ್ತಿನ ಹಾಗೆ. ಕೊನೆಗೆ ಇಬ್ಬರೂ ನಾಲ್ಕು ನಾಲ್ಕು ಮುಗಿಸಿ ಎದ್ದರು. ಕಾಂತೇಶನ ಪುರಸೊತ್ತು ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಮುಗಿದಿತ್ತು. ಆದರೇನು, ಶಶಾಂಕ ಔಟಾದ. ಬೈಕು ಹತ್ತುವಾಗ ಕಾಂತೇಶನಿಗೆ ಸಿಳ್ಳೆ ಹೊಡೆಯುವಷ್ಟು ಖುಷಿ.

“ಇನ್ನು ಎಲ್ಲೂ ನಿಲ್ಲೋದು ಬೇಡ, ಆಮಂತ್ರಣ ಬಾಗಿಲಲ್ಲೇ ಕೊಟ್ಟು ಹೊರಡೋಣ,” ಎಂದ.

ಆದರೆ ಮದ್ದು ತುಂಬಿದ ಬಂದೂಕು ಇನ್ನೂ ಎರಡಿದ್ದವು.

ಶೃಂಗೇರಿಯಲ್ಲಿ ಯಾತ್ರಿಕರಿಗೆ ಲಾಡ್ಜ್ ನಡೆಸುವ ಬಸವೇಶ ಬೀದಿಗೇ ಬಂದು ನಿಂತಿದ್ದ. ಬೈಕಿನ ಕೀಲಿ ಕಿತ್ತುಕೊಂಡು, “ಒತ್ತುಶಾವಿಗೆ ತಣ್ಣಗಾಗ್ತಿದೆ, ಒಳಗೆ ನಡೀರಿ,” ಎಂದ. ಶಾವಿಗೆಗೆ ಕಾಯಿಹಾಲು. ಬಸವೇಶನ ಹೆಂಡತಿ ಸುಮನಾ ಬಡಿಸುವವಳು. ಬಸವೇಶ ಪಕ್ಕದಲ್ಲಿ ನಿಂತು ಎದುರುಮನೆಗೆಲ್ಲ ಕೇಳುವಂತೆ ಹೇಳಿದ:

“ಸಂಕೋಚ ಮಾಡ್ಕೋಬೇಡ ಶಶಾಂಕ. ಬೆಳಿಗ್ಗೇನೇ ಕಾಂತೇಶ ಫೋನ್ ಮಾಡಿದ್ದ, ನಿಂಗೆ ಹೊಟ್ಟೆ ಬಿರಿಯೋ ಅಷ್ಟು ಹಾಕ್ಬೇಕು ಅಂತ.”

ಕಾಂತೇಶನ ಕೈ ಎಲೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಸಿಕ್ಕಿಬಿದ್ದೆ ಅಂದುಕೊಂಡ. ಎಡಗೈ ತಾನಾಗಿ ಗಲ್ಲದ ಮುಂದೆ ಕಾವಲಿಗೆ ಬಂತು.

ಶಶಾಂಕನ ಕಣ್ಣಲ್ಲಿ ನೀರು. “ನೀವೇ ಹೇಳಿದ್ದಾ ಅಣ್ಣ? ಹತ್ತು ದಿನದಿಂದ ನನ್ನ ಹತ್ರ ಮಾತಾಡ್ತಿರ್ಲಿಲ್ಲ, ಸಿಟ್ಟು ಅಂದ್ಕೊಂಡಿದ್ದೆ. ನೀವು ನೋಡಿದ್ರೆ... ಒಡಹುಟ್ಟಿದೋನೂ ಇಷ್ಟು ಮಾಡಲ್ಲ.”

ಐದು ಪಂದ್ಯದಲ್ಲಿ ತಲೆಗೆ ಸರಿಯಾದ ಏಟು ಬೀಳದಿದ್ದರೆ ಬುದ್ಧಿ ಎಲ್ಲಿಂದ ಬರಬೇಕು ಎಂದುಕೊಂಡ ಕಾಂತೇಶ. ಬಾಯಲ್ಲಿ ಮಾತ್ರ, “ಇರ್ಲಿ ಬಿಡು,” ಎಂದ. ಶಶಾಂಕ ಕಣ್ಣೊರೆಸಿಕೊಂಡು ಕಾಂತೇಶನ ಎಲೆಯನ್ನೇ ನೋಡುತ್ತಾ ಕೂತ. ಈಗ ತಿನ್ನದಿದ್ದರೆ ಅನುಮಾನ ಬರುತ್ತದೆ. ಎರಡು ತುತ್ತು ಬಾಯಿಗೆ, ಒಂದು ತುತ್ತು ಮೆಲ್ಲಗೆ ತೊಡೆಯ ಮೇಲಿನ ಕರ್ಚೀಫಿಗೆ ಹಾಕತೊಡಗಿದ. ಆದರೆ ಲಾಡ್ಜ್ ನಡೆಸುವವಳ ಕಣ್ಣು ತಪ್ಪಿಸಿ ಸೋಪಿನ ತುಂಡೂ ಆಚೆ ಹೋಗುವುದಿಲ್ಲ.

“ಅಯ್ಯೋ, ಕಾಂತೇಶಣ್ಣ ಶಾವಿಗೆ ಕರ್ಚೀಫಲ್ಲಿ ಕಟ್ಕೊಳ್ತಿದಾರೆ ನೋಡ್ರೀ!” ಎಂದಳು ಸುಮನಾ. “ಅಷ್ಟು ಇಷ್ಟ ಆಗಿದ್ರೆ ಬಾಯಿಬಿಟ್ಟು ಕೇಳ್ಬಾರ್ದಾ?” ಎಂದು ಇನ್ನೊಂದು ಪಾಲು ಸುರಿದು, ಅದು ಮುಗಿಯುವ ತನಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಮೂರನೆಯ ಮನೆ ಬೇಗಾರಿನ ಚಿಕ್ಕಕ್ಕನದು. ಅವರಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜು. ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಮೇಲೇ ಬಡಿಸುತ್ತಿದ್ದರು. ಅನ್ನ ಹೇಗೋ ಕಡಿಮೆ ಹಾಕಿಸಿಕೊಂಡದ್ದಾಯಿತು. ಮಜ್ಜಿಗೆ ಬಂದಾಗ ದಾರಿಯಿರಲಿಲ್ಲ. ಲೋಟ ಕೆಳಗಿಟ್ಟ ಸದ್ದಾದರೆ ಖಾಲಿ ಎಂದು ಅವರ ಲೆಕ್ಕ, ಮತ್ತೆ ತುಂಬುತ್ತಿದ್ದರು. ಬಾಕ್ಸರುಗಳನ್ನು ನೋಡಲು ಅಕ್ಕಪಕ್ಕದವರೂ ಬಂದು ಸೇರಿದ್ದರು.

“ಇವ್ರಲ್ಲಿ ಹೊಡೆಯೋನು ಯಾರು?” ಎಂದು ಒಬ್ಬರು ಕೇಳಿದರು.

“ತೆಳ್ಳಗಿದಾನಲ್ಲ, ಅವ್ನು. ಈ ಹೊಟ್ಟೆ ಇರೋನು ಅಡುಗೆಗೆ ಬಂದೋನಿರ್ಬೇಕು.”

ಹೊರಗೆ ಬಂದವನೇ ಕಾಂತೇಶ ಪಕ್ಕದ ಅಂಗಡಿಯ ಅಕ್ಕಿಮೂಟೆ ತೂಗುವ ಮಿಶಿನ್ ಹತ್ತಿದ. ಅರವತ್ತೆರಡು ಕೆಜಿ ನಾನೂರು. ಶಶಾಂಕ ಔಟಾಗಿ ತಾನೂ ಔಟಾದರೆ ಮುಖ್ಯ ಪಂದ್ಯ ಆಡುವವರು ಯಾರು, ಚಿಕ್ಕಕ್ಕನೇ?

“ಬೈಕು ನೀನು ತಗೊಂಡು ಹೋಗು. ನಾನು ಓಡ್ಕೊಂಡು ಬರ್ತೀನಿ,” ಎಂದ.

“ಕೊಪ್ಪದವರೆಗಾ ಅಣ್ಣ?”

“ಬೆವರು ಹರಿಯೋವರೆಗೆ!”

ಅಂಗಡಿಯಲ್ಲಿ ನೇತುಹಾಕಿದ್ದ ಪ್ಲಾಸ್ಟಿಕ್ ರೇನ್‌ಕೋಟು ಎರವಲು ಪಡೆದು, ಮಾರ್ಚಿನ ಸುಡುಬಿಸಿಲಲ್ಲಿ ಗುಂಡಿ ಹಾಕಿಕೊಂಡು ಓಡಿದ. ಬಿಸಿಲಲ್ಲಿ ರೇನ್‌ಕೋಟು ಹಾಕಿಕೊಂಡು ಏದುಸಿರು ಬಿಡುತ್ತಾ ಓಡುವವನನ್ನು ನೋಡಿ ದನಗಳು ಮೇಯುವುದನ್ನು ನಿಲ್ಲಿಸಿದವು. ಎರಡು ಕಿಲೋಮೀಟರು ಆಗಿರಬಹುದು, ಬೆವರು ಆಗತಾನೇ ಹನಿಯತೊಡಗಿತ್ತು. ಹಿಂದಿನಿಂದ ಬಂದ ಪ್ರೈವೇಟ್ ಬಸ್ಸು ಪಕ್ಕಕ್ಕೆ ಸರಿದು ನಿಂತಿತು. ಕಂಡಕ್ಟರು ರಟ್ಟೆ ಹಿಡಿದು ಒಳಕ್ಕೆಳೆದ.

“ಬಸ್ಸಿಗೋಸ್ಕರ ಯಾರಾದ್ರೂ ಹಿಂಗೆ ಜೀವ ಬಿಡ್ತಾರಾ ಮಾರಾಯ? ಕೈ ಮಾಡಿದ್ರೆ ನಿಲ್ಸ್ತಿರ್ಲಿಲ್ವಾ?”

“ನಂಗೆ ಬಸ್ಸು ಬೇಡ! ನಾನು ಓಡ್ಬೇಕು!”

“ಬಿಸಿಲು ತಲೆಗೇರಿದೆ,” ಎಂದು ಬಸ್ಸಿಗೆ ಬಸ್ಸೇ ತೀರ್ಮಾನಿಸಿತು. ಒಬ್ಬರು ಗಾಳಿ ಹಾಕಿದರು, ಒಬ್ಬರು ತಲೆ ಹಿಡಿದರು, ಒಬ್ಬಾಕೆ ಗ್ಲೂಕೋಸ್ ನೀರಿನ ಬಾಟಲಿಯನ್ನು ಬಾಯಿಗಿಟ್ಟು ಕೊನೆಯ ಹನಿ ಇಳಿಯುವವರೆಗೆ ತೆಗೆಯಲಿಲ್ಲ. ಕೊಪ್ಪದಲ್ಲಿ ಇಳಿಸುವಾಗ ಕಂಡಕ್ಟರು ಜೇಬಿಗೆ ಎರಡು ಕಿತ್ತಳೆಯನ್ನೂ ತುರುಕಿದ.

ಐದು ಗಂಟೆ. ಜಿಮ್ಮಿನ ತುಂಬ ಜನ. ಮೊದಲು ಶಶಾಂಕನನ್ನು ಮಿಶಿನ್ ಹತ್ತಿಸಿದರು. ತೂಗುವವನು ಗಟ್ಟಿಯಾಗಿ ಓದಿದ: “ಅರವತ್ತೆರಡು ಕೆಜಿ ಮುನ್ನೂರು!”

ಕಾಂತೇಶ ಅದಕ್ಕಿಂತ ಹೆಚ್ಚಿನದೇನನ್ನೂ ಕೇಳಲಿಲ್ಲ. ತಾನಿನ್ನೂ ಮಿಶಿನ್ ಹತ್ತಬೇಕು ಎಂಬುದೂ ಮರೆತುಹೋಯಿತು. ಮೆಟ್ಟಿಲಿಳಿದು ಬೀದಿಗೆ ಓಡಿ ಫೋನು ಹಚ್ಚಿದ. “ಅಪ್ಪ, ನಾಳೆ ಅಂಗಡಿ ಬಾಗಿಲು ಹಾಕಿ ಬನ್ನಿ. ಮುಖ್ಯ ಪಂದ್ಯಕ್ಕೆ ನಾನೇ!”

“ಹೌದನಾ?” ಎಂದರು ವೃಷಭೇಂದ್ರಪ್ಪ. ದನಿ ಎಂದಿನ ಹಾಗಿರಲಿಲ್ಲ. “ಬರ್ತೀನಿ ಮಗಾ. ಅಮ್ಮನ್ನೂ ಕರ್ಕೊಂಡು ಬರ್ತೀನಿ.”

ಮಹಡಿಯ ಮೇಲೆ ಚಪ್ಪಾಳೆ ಕೇಳಿತು. ಔಟಾದವನಿಗೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ಮೇಲೆ ಹೋಗಿ ನೋಡಿದರೆ ರೇಣುಕಪ್ಪ ಶಶಾಂಕನ ಬೆನ್ನಿಗೆ ಗುದ್ದುತ್ತಿದ್ದರು. “ಭೇಷ್ ಮಗನೇ! ಅರವತ್ತೆರಡು ಮುಟ್ಟಿಬಿಟ್ಯಲ್ಲ!”

“ಸರ್, ಅರವತ್ತೊಂದು ಇನ್ನೂರು ದಾಟಿದ್ರೆ ಔಟಲ್ವಾ?” ಕಾಂತೇಶನ ದನಿ ಅವನಿಗೇ ಕೇಳಲಿಲ್ಲ.

“ಅದು ನಿಂಗೆ! ಅವನ ಎದುರಾಳಿ ಅರವತ್ತಮೂರೂವರೆ ಕೆಜಿ ಆಸಾಮಿ. ಇವನು ಅರವತ್ತೆರಡಕ್ಕಿಂತ ಕಡಿಮೆ ಬಂದ್ರೆ ಪಂದ್ಯ ರದ್ದು ಅಂತ ಹತ್ತು ದಿನದ ಹಿಂದೆನೇ ವಾಟ್ಸ್ಯಾಪ್ ಗ್ರೂಪಲ್ಲಿ ಹಾಕಿದ್ನಲ್ಲ. ಏನು ತಿಂದ್ರೂ ಹತ್ತಲ್ಲ ಇವಂಗೆ. ಬೆಳಿಗ್ಗೆ ಅರವತ್ತೊಂದು ಅಂತ ಕೇಳಿ ನಾನು ಆಸೆ ಬಿಟ್ಟಿದ್ದೆ. ಮುಖ್ಯ ಪಂದ್ಯ ನಿಂಗೇ ಅಂದ್ಕೊಂಡಿದ್ದೆ.”

ಫ್ಲೆಕ್ಸಿನ ಫೋಟೋ ಗ್ರೂಪಿಗೆ ಬಂದ ಕ್ಷಣವೇ ಹೊಟ್ಟೆಕಿಚ್ಚಿಗೆ ಗ್ರೂಪಿನಿಂದ ಹೊರಬಿದ್ದಿದ್ದ ಕಾಂತೇಶ ಗೋಡೆ ಹಿಡಿದುಕೊಂಡ. ಇವತ್ತು ಬೆಳಗಿನಿಂದ ಸಂಜೆಯವರೆಗೆ ತಾನು ಮುಸುಕು ಹೊದ್ದು ಮಲಗಿದ್ದಿದ್ದರೆ ಸಾಕಿತ್ತು.

“ನಾನು ಮುಟ್ಟಿದ್ದಲ್ಲ ಸರ್, ಕಾಂತೇಶಣ್ಣ ಮುಟ್ಟಿಸಿದ್ದು,” ಶಶಾಂಕ ಎಲ್ಲರ ಮುಂದೆ ಶುರು ಮಾಡಿದ. “ಮೂರು ಮನೆಗೂ ಮೊದಲೇ ಫೋನ್ ಮಾಡಿದ್ರು. ನಂಗೆ ಒಬ್ಬನಿಗೇ ಇಳಿಯಲ್ಲ ಅಂತ ತಮ್ಮ ತೂಕ ಹಾಳಾದ್ರೂ ನನ್ನ ಜೊತೆ ಕೂತು ಉಂಡ್ರು.” ಹೇಳಿ ಕಾಲಿಗೆ ಬಿದ್ದ. ನಾಲ್ಕಾರು ಜನ ಫೋಟೋ ತೆಗೆದರು. ಕಾಂತೇಶ ಹಲ್ಲು ಕಿರಿಯಲೇಬೇಕಾಯಿತು.

ಅವನ ತೂಕ ಅರವತ್ತೆರಡು ಕೆಜಿ ಐನೂರು ಬಂತು. ಹೆಸರಿನ ಮೇಲೆ ಗೀಟು ಬಿತ್ತು.

“ಇಂಥ ಮನಸ್ಸಿರೋನ್ನ ಕೆಳಗೆ ಕೂರ್ಸೋಕಾಗಲ್ಲ,” ಎಂದರು ರೇಣುಕಪ್ಪ. “ನಾಳೆ ಶಶಾಂಕನ ಮೂಲೇಲಿ ನೀನೇ ಇರ್ಬೇಕು. ರೌಂಡು ಮುಗಿದ ಕೂಡ್ಲೆ ಸ್ಟೂಲು ಹಿಡ್ಕೊಂಡು ಮೇಲೆ ಹತ್ತು. ಒಂದು ನಿಮಿಷ ಅವನಿಗೆ ಗಾಳಿ ಹಾಕು. ಗಂಟೆ ಹೊಡೆದ ತಕ್ಷಣ ಸ್ಟೂಲು ತಗೊಂಡು ಇಳಿ.”

ಮರುದಿನ ಸಂಜೆ ಮುಖ್ಯ ಪಂದ್ಯ ಪೂರಾ ಎಂಟು ರೌಂಡು ನಡೆದು ಶಶಾಂಕ ಗೆದ್ದ. ನಡುವೆ ಏಳು ಬಿಡುವು. ಏಳು ಸಲ ಕಾಂತೇಶ ಸ್ಟೂಲು ಹಿಡಿದು ಮುಖ್ಯ ಪಂದ್ಯದ ರಿಂಗು ಹತ್ತಿದ, ಏಳು ಸಲ ಇಳಿದ. ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ ಅಪ್ಪನ ಕಡೆ ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಕಡೆಯ ಸಲ ಇಳಿಯುವಾಗ ಮಾತ್ರ ಅಪ್ಪನ ದನಿ ಕಿವಿಗೆ ಬಿತ್ತು. ವೃಷಭೇಂದ್ರಪ್ಪ ಪಕ್ಕದವರ ಭುಜ ತಟ್ಟಿ ಹೆಮ್ಮೆಯಿಂದ ಹೇಳುತ್ತಿದ್ದರು:

“ಸ್ಟೂಲು ಹಿಡಿದೋನೇ ನಮ್ಮ ಹುಡುಗ. ನಾನು ಸುಮ್ಮನೆ ಹೆದರಿಕೊಂಡಿದ್ದೆ ಮಾರಾಯ್ರೆ. ಏಳು ಸಲ ಹತ್ತಿದಾನೆ, ಒಂದೇ ಒಂದು ಏಟು ತಿಂದಿಲ್ಲ ನೋಡಿ! ಇಂಥಾ ಕೆಲ್ಸ ಆದ್ರೆ ಬಿಡಿಸೋದು ಯಾಕೆ, ಇನ್ನೂ ಹತ್ತು ವರ್ಷ ಮಾಡ್ಲಿ.”