ಹದಿನೇಳನೆಯವನ ಕಿವಿ ತಿದ್ದಿಕೊಡುವ ಬಗ್ಗೆ

ಇಂದ:
ಯಂತ್ರ ನೋಡಿಕೊಳ್ಳುವವನು, ಧಾನ್ಯದ ಗಿರಣಿ, ಸೇತುವೆ ದಾಟಿ ಎಡಕ್ಕೆ
(ತಮ್ಮ ದಾಖಲೆಯಲ್ಲಿ: ಹದಿನೇಳನೆಯ ವ್ಯಕ್ತಿ)

ಗೆ:
ಮುಖ್ಯ ಸಂಶೋಧಕರು, ಕಿವುಡು, ಕಿವಿಮೊರೆತ ಮತ್ತು ಮೆದುಳಿನ ಅಧ್ಯಯನ ಕೇಂದ್ರ, ಮೂರನೆಯ ಮಹಡಿ

ವಿಷಯ: ಅರ್ಜಿದಾರನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂಬ ತಪ್ಪನ್ನು ಸರಿಪಡಿಸುವ ಕುರಿತು.

ಉಲ್ಲೇಖ: ೧) ತಮ್ಮ ಪ್ರಮಾಣಪತ್ರ, "ಶ್ರವಣಶಕ್ತಿ ಅತ್ಯುತ್ತಮ". ೨) ಅರ್ಜಿದಾರನ ಹೆಂಡತಿಯ ಮೌಖಿಕ ತಕರಾರು, ದಿನಕ್ಕೆ ಆರೇಳು ಬಾರಿ.

ಮಾನ್ಯರೇ, ಹಾಗೂ ಗಾಜಿನ ಆಚೆ ಕೂತವರೇ,

ಕೊಯ್ಲು ಮುಗಿದಿದೆ. ಬೆಳಕು ಹರಿಯುವ ಮೊದಲೇ ಗಾಡಿಗಳು ಗಿರಣಿಯ ಮುಂದೆ ಸಾಲುಗಟ್ಟಿವೆ. ಇದನ್ನು ಬರೆಯುವ ಹೊತ್ತಿಗೂ ಒಳಗೆ ಎರಡು ಯಂತ್ರ ಓಡುತ್ತಿದ್ದು, ಕಾಗದದ ಮೇಲೆ ಹೊಟ್ಟಿನ ದೂಳು ಕೂತಿದೆ. ಸದರಿ ದೂಳನ್ನು ಅರ್ಜಿಯ ಭಾಗವೆಂದು ಪರಿಗಣಿಸಬಾರದು. ಅರಿಕೆ ಏನೆಂದರೆ:

೧. ಅರ್ಜಿದಾರನು ಈ ಗಿರಣಿಯಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾನೆ. ಒಳಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಆದ ಕಾರಣ ಬಾಯಿ ಮಾಡಬೇಕಾದ ಕೆಲಸವನ್ನು ಅಲ್ಲಿ ಮುಖ ಮಾಡುತ್ತದೆ. ಮೇಲೆ ಅಟ್ಟದಲ್ಲಿ ನಿಂತವನು ಗದ್ದ ಇಳಿಸಿದರೆ ಕೆಳಗಿರುವ ಅರ್ಜಿದಾರ ಹಿಡಿ ಎಳೆಯಬೇಕು. ತಡವಾದರೆ ಕಾಳೆಲ್ಲ ತಲೆಯ ಮೇಲೆ. ಆದ್ದರಿಂದ ಯಾರ ಗದ್ದ ಇಳಿದರೂ ಅರ್ಜಿದಾರನ ಕೈ ತಾನಾಗಿ ಓಡುತ್ತದೆ.

೨. ಐದಾರು ವರ್ಷದಿಂದ, ಯಂತ್ರ ನಿಲ್ಲಿಸಿ ಮನೆಗೆ ಬಂದ ಮೇಲೂ ತಲೆಯೊಳಗೆ ಅದು ನಿಂತಿಲ್ಲ. ತಮ್ಮ ಅಧ್ಯಯನಕ್ಕೆ ಸೇರಿದ ದಿನ, ಈ ಸದ್ದು ಜೀರುಂಡೆಯೋ, ಶಿಳ್ಳೆಯೋ, ಸಮುದ್ರವೋ ಎಂದು ತಮ್ಮ ಪ್ರಶ್ನಾವಳಿ ಕೇಳಿತ್ತು. "ಕಾಳಿಲ್ಲದೆ ಬರಿದೇ ಓಡೋ ಗಿರಣಿ" ಎಂದ ಅರ್ಜಿದಾರ. ಅದಕ್ಕೆ ಚೌಕ ಇಲ್ಲದ ಕಾರಣ ಸಮುದ್ರಕ್ಕೆ ಗುರುತು ಹಾಕಲಾಯಿತು. ಅರ್ಜಿದಾರನು ಸಮುದ್ರ ನೋಡಿದವನಲ್ಲ.

೩. ತರುವಾಯ ಅವನನ್ನು ಬೀರುವಿನಷ್ಟು ದೊಡ್ಡ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಕಟ್ಟಿ, ಕೈಗೆ ಗುಂಡಿ ಕೊಡಲಾಯಿತು. "ಯಜಮಾನ್ರೇ, ಸದ್ದು ಕೇಳಿದ ತಕ್ಷಣ ಒತ್ತಿ, ಆಯ್ತಾ?" ಎಂದು ತಮ್ಮ ಕನ್ನಡಕದ ಹುಡುಗಿ ಗಾಜಿನ ಆಚೆ ಹೋಗಿ ಕೂತಳು. ಮಗು ಬಲು ಶ್ರದ್ಧೆಯದು. ಒಂದೊಂದು ಸದ್ದು ಬಿಡುವಾಗಲೂ ಅವಳ ಗದ್ದ ಇಳಿಯುತ್ತಿತ್ತು. ಇಳಿದಾಗಲೆಲ್ಲ ಅರ್ಜಿದಾರ ಒತ್ತಿದ. ಇದನ್ನು ಮೋಸವೆನ್ನಲಾಗದು. ಆ ಹೊತ್ತಿನಲ್ಲಿ ತಾನು ಪರೀಕ್ಷೆಯಲ್ಲಿದ್ದೇನೆಂಬುದೇ ಅವನಿಗೆ ಮರೆತುಹೋಗಿ, ಕೆಲಸದಲ್ಲಿದ್ದೇನೆಂದುಕೊಂಡಿದ್ದ. ನಲವತ್ತಕ್ಕೆ ನಲವತ್ತು ಬಂತು. ತಿಂಗಳು ಬಿಟ್ಟು ಮತ್ತೆ ಕೂರಿಸಿದಾಗಲೂ ನಲವತ್ತು. ಜೊತೆಗೆ ಅವನ ಮೆದುಳಿನ ಚಿತ್ರವನ್ನೂ ತೆಗೆದುಕೊಳ್ಳಲಾಯಿತು.

೪. ಪ್ರಮಾಣಪತ್ರ ನೋಡಿ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾನು ಬೆನ್ನ ಹಿಂದೆ ನಿಂತು ಗಂಟಲು ಹರ್ಕೊಂಡ್ರೆ ಕೇಳಲ್ಲ. ಆ ಹುಡುಗಿ ಗಾಜಿನಾಚೆ ಉಸಿರು ಬಿಟ್ರೆ ಕೇಳುತ್ತೆ ಅಲ್ವಾ ನಿಮಗೆ!" ಗುಂಡಿ ಒತ್ತಿದ್ದು ಯಾವಾಗ ಯಾವಾಗ ಎಂದು ಅವಳೇ ಕೆದಕಿ ಕೇಳಿ, ಗದ್ದದ ವಿಚಾರ ಹೊರಬಿದ್ದಿತು. ಮೂರನೆಯ ಮಹಡಿಯಲ್ಲಿ ಐದು ಜನ ಆರು ತಿಂಗಳು ಕೂತು ಕಾಣದ್ದನ್ನು ಅವಳು ಪಾತ್ರೆ ತೊಳೆಯುತ್ತ ಕಂಡಳೆಂಬುದನ್ನು ಇಲ್ಲಿ ದಾಖಲಿಸಲಾಗಿದೆ.

೫. ಅಷ್ಟರಲ್ಲಿ ಪ್ರಮಾಣಪತ್ರದ ಸುದ್ದಿ ಗಿರಣಿಯ ಧಣಿಗಳಿಗೆ ಮುಟ್ಟಿ, ಅವರು ಅದನ್ನು ಇಸಿದುಕೊಂಡು ಕಚೇರಿಯ ಬಾಗಿಲಿಗೆ ಅಂಟಿಸಿದರು. "ಇಪ್ಪತ್ತರ ಹುಡುಗನ ಕಿವಿಯಂತೆ ಕಣೋ ನಿಂದು! ಆ ಇನ್ನೊಂದು ಯಂತ್ರಾನೂ ನೀನೇ ನೋಡ್ಕೊ." ಇನ್ನೊಂದು ವರ್ಷ ಯಂತ್ರದ ಪಕ್ಕ ನಿಂತರೆ ಉಳಿದಿರುವುದೂ ಹೋಗುತ್ತದೆಂದು ಪೇಟೆಯ ಕಿವಿ ವೈದ್ಯರು ಬರೆದ ಚೀಟಿಯನ್ನು ಅರ್ಜಿದಾರ ಮುಂದೆ ಹಿಡಿದ. ಹಿಂಬದಿಯ ಚೀಲ ಹೊಲಿಯುವ ಕೋಣೆಗೆ ಹಾಕಿ ಎಂದು ಬೇಡಿಕೊಂಡ. ಧಣಿಗಳು ಚೀಟಿ ಮಡಚಿ ವಾಪಸು ಕೊಟ್ಟರು. "ಅವರು ಒಬ್ಬರು. ಮೂರನೇ ಮಹಡೀಲಿ ಐದು ಜನ ಇದ್ದಾರೆ. ಅವರ ಹತ್ರ ಬರೆಸ್ಕೊಂಡು ಬಾ."

೬. ಕಾರಣ ಅರ್ಜಿದಾರ ತಮ್ಮಲ್ಲಿಗೇ ಬಂದ. ತಾವು ಬಹಳ ಪ್ರೀತಿಯಿಂದ ಕೂರಿಸಿದಿರಿ. "ನಿನ್ನ ಮೆದುಳಿನ ಚಿತ್ರ ನಮ್ಮ ವರದಿಯ ಮುಖಪುಟಕ್ಕೆ ಹೋಗಿದೆಯಪ್ಪಾ. ಮೂವತ್ತು ವರ್ಷ ಸದ್ದಿನಲ್ಲಿ ದುಡಿದೂ ಕೆಡದ ಕಿವಿ ಅಂತ. ಈಗ ಬಂದು ಕೇಳಿಸಲ್ಲ ಅಂದ್ರೆ ಹೇಗೆ?" ಎಂದಿರಿ. ತಲೆಯೊಳಗಿನ ಗಿರಣಿಯ ಕತೆಯೇನೆಂದು ಕೇಳಿದ್ದಕ್ಕೆ, ಇಷ್ಟು ಒಳ್ಳೆಯ ಕಿವಿಯವನಿಗೆ ಅದು ಬರೀ ಭ್ರಮೆ ಎಂದಿರಿ. ಕೊನೆಗೆ ಗೆದ್ದವರಂತೆ ನಕ್ಕು, "ಈಗ ನಾನು ಮಾತಾಡಿದ್ದೆಲ್ಲ ಕೇಳಿಸ್ತಾ ಇದೆಯಲ್ಲ?" ಎಂದಿರಿ.

"ಕಾಣಿಸ್ತಾ ಇದೆ ಸ್ವಾಮಿ," ಎಂದ ಅರ್ಜಿದಾರ.

ತಾವು ನಕ್ಕಿರಿ, ಉಳಿದ ನಾಲ್ವರೂ ನಕ್ಕರು. ಆಮೇಲೆ ತಾವು ಹಲಗೆಯ ಕಡೆ ತಿರುಗಿ ಏನನ್ನೋ ಬರೆಯುತ್ತ ಬಹಳ ಹೊತ್ತು ವಿವರಿಸಿದಂತಿದೆ. ಅದು ಏನೆಂಬುದು ಅರ್ಜಿದಾರನಿಗೆ ಈವರೆಗೆ ತಿಳಿದಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಸದರಿ "ಅತ್ಯುತ್ತಮ"ವನ್ನು ಹೊಡೆದುಹಾಕಿ ಇದ್ದದ್ದನ್ನು ಇದ್ದಂತೆ ಬರೆದುಕೊಡಬೇಕು. ಮುಖಪುಟ ಬದಲಾಯಿಸಲು ಬಾರದಿದ್ದಲ್ಲಿ, ಅದರಲ್ಲಿರುವ ಕಿವಿಗಳನ್ನಾದರೂ ಅರ್ಜಿದಾರನಿಗೆ ಒಪ್ಪಿಸಿ ರಸೀದಿ ಪಡೆಯಬೇಕು.

ಮುಖ ಕಾಣುವಷ್ಟು ದೂರದವರೆಗೆ,
ತಮ್ಮ ವಿಶ್ವಾಸಿ,
(ಸಹಿ) ಹದಿನೇಳನೆಯವನು

ಲಗತ್ತುಗಳು:
೧) ಪ್ರಮಾಣಪತ್ರ. ಬಾಗಿಲಿನಿಂದ ಕಿತ್ತು ತಂದದ್ದಾದ್ದರಿಂದ ಮೂಲೆಗಳು ಹರಿದಿವೆ.
೨) ಪೇಟೆಯ ವೈದ್ಯರ ಚೀಟಿ, ಮಡಚಿದ್ದು.
೩) ಮೆದುಳಿನ ಚಿತ್ರದ ನಕಲು. ಮೂಲಪ್ರತಿ ಅರ್ಜಿದಾರನ ಬಳಿಯೇ ಇದೆ, ಸದ್ದು ಸಮೇತ.

ವಿಶೇಷ ಸೂಚನೆ: ಒಪ್ಪಂದದ ಪ್ರಕಾರ ಮೂರು ಪರೀಕ್ಷೆಗಳಲ್ಲಿ ಎರಡು ಮುಗಿದು, ಒಂದು ಅರ್ಜಿದಾರನ ಮೇಲೆ ಬಾಕಿ ನಿಂತಿದೆ. ಬಾಕಿ ಉಳಿಸಿಕೊಳ್ಳುವುದು ಅವನ ಜಾಯಮಾನವಲ್ಲ. ಸೋಮವಾರ ಗಿರಣಿಗೆ ರಜೆ, ಬಂದು ತೀರಿಸುತ್ತಾನೆ. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಡುವುದು. ಪರೀಕ್ಷೆ ಮುಗಿದ ಮೇಲೆ ಯಾರಾದರೂ ಒಳಗೆ ಬಂದು ಭುಜ ಮುಟ್ಟಿ ಹೇಳುವುದು. ಇಲ್ಲವಾದಲ್ಲಿ ಅರ್ಜಿದಾರನು ಅಲ್ಲಿಯೇ ಕೂತಿರುತ್ತಾನೆ.