ಪ್ರಳಯಕ್ಕೆ ಅಡ್ಡಬಂದ ದವಡೆ ಹಲ್ಲು

ಇಷ್ಟಕ್ಕೆಲ್ಲ ಕಾರಣ ಗುಬ್ಬಿಯ ದವಡೆ ಹಲ್ಲು. ಅದು ಅವನನ್ನು ಕೂತರೆ ಕೂರಗೊಡದೆ, ನಿಂತರೆ ನಿಲ್ಲಗೊಡದೆ ವಾರದಿಂದ ಕಾಡುತ್ತಿತ್ತು. ಕೆನ್ನೆ ಊದಿ, ಬಾಯಲ್ಲಿ ಚೆಂಡು ಬಚ್ಚಿಟ್ಟುಕೊಂಡವನಂತೆ ಕಾಣುತ್ತಿದ್ದ. ಹಲ್ಲಿನ ಡಾಕ್ಟರು ಕೊನೆಗೂ ಇವತ್ತು ಮಧ್ಯಾಹ್ನ ಬಾ ಎಂದಿದ್ದರು. ಬೇಕಾಗಿದ್ದುದು ಅರ್ಧ ದಿನದ ರಜೆ, ಅಷ್ಟೆ. ಆದರೆ ಇವತ್ತೇ ಊರಿನ ಸರ್ವನಾಶ.

ಗುಬ್ಬಿ ಕೆಲಸ ಮಾಡುತ್ತಿದ್ದುದು ಪ್ರಳಯಾಂತಕನ ಬಳಿ. ಪ್ರಳಯಾಂತಕ ಎಂಬುದು ಆತ ತನಗೆ ತಾನೇ ಇಟ್ಟುಕೊಂಡ ಹೆಸರು. ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದರ ನೆಲಮಾಳಿಗೆಯಲ್ಲಿ ಕೂತು, ಸದಾ ಕಬ್ಬಿಣದ ಮುಖವಾಡ ಧರಿಸಿ, ಜಗತ್ತನ್ನು ಅಂಗೈಯಲ್ಲಿ ಹಿಡಿಯುವ ಯೋಜನೆ ಹಾಕುತ್ತಿದ್ದ. ಅನುಚರರು ಎದುರಿಗೆ 'ಮಹಾಪ್ರಭು' ಎಂದೂ ಹಿಂದಿನಿಂದ 'ಧಣಿ' ಎಂದೂ ಕರೆಯುತ್ತಿದ್ದರು. ಅವರಿಗೂ ಒಂದೊಂದು ಭಯಂಕರ ಅಡ್ಡಹೆಸರಿತ್ತು: ಕರಡಿ, ಚೂರಿ, ಕಾಳಸರ್ಪ. ಹಲ್ಲುನೋವಿನ ಇವನು ಸೇರಿದ ದಿನ ಎಲ್ಲ ಅನುಚರರಂತೆ ಕಪ್ಪು ಸಮವಸ್ತ್ರ, ಬಟ್ಟೆಯ ಮುಖವಾಡ ತೊಟ್ಟು ನಿಂತಾಗ, ಒಳಗೆ ಮನುಷ್ಯನಿದ್ದಾನೋ ಅಥವಾ ಬಟ್ಟೆಯನ್ನು ಗೂಟಕ್ಕೆ ನೇತುಹಾಕಿದ್ದಾರೋ ಎಂದು ಎಲ್ಲರಿಗೂ ಅನುಮಾನ ಬಂದಿತ್ತು. ಅಂದಿನಿಂದ ಗುಬ್ಬಿ. ಮನೆಯಲ್ಲಿ ಮಾತ್ರ ತಾನೊಂದು ಶೀತಲಗೃಹದ ಕಾವಲುಗಾರ ಎಂದು ಹೇಳಿಕೊಂಡಿದ್ದ.

ಬೆಳಿಗ್ಗೆ ಬಂದವನೇ ಮೇಸ್ತ್ರಿ ಚೂರಿಯ ಹತ್ತಿರ ರಜೆ ಕೇಳಿದ. ಚೂರಿ ಅವನನ್ನು ಮೇಲಿಂದ ಕೆಳಗೆ ನೋಡಿ, ಪ್ರಳಯ ಮುಗಿಯಲಿ, ಆಮೇಲೆ ಎಷ್ಟು ಬೇಕಾದರೂ ತಗೋ ಎಂದ. ಪ್ರಳಯ ಮುಗಿದ ಮೇಲೆ ಡಾಕ್ಟರೇ ಇರುವುದಿಲ್ಲವಲ್ಲ ಎಂಬ ಪ್ರಶ್ನೆ ಗುಬ್ಬಿಯ ನಾಲಿಗೆಯ ತುದಿಗೆ ಬಂದರೂ, ನಾಲಿಗೆ ಹಲ್ಲಿಗೆ ತಾಗೀತೆಂಬ ಭಯದಿಂದ ಸುಮ್ಮನಾದ. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆಯೊಂದನ್ನು ಹಲ್ಲಿನ ತೂತಿಗೆ ತುರುಕಿ, ಮುಖವಾಡ ಏರಿಸಿ, ಸಾಲಿನಲ್ಲಿ ಹೋಗಿ ನಿಂತ.

ನೆಲಮಾಳಿಗೆಯ ನಡುವೆ ಛಾವಣಿ ಮುಟ್ಟುವಷ್ಟು ಎತ್ತರದ ಯಂತ್ರವಿತ್ತು. ಅದರ ಕೆಂಪು ಹಿಡಿ ಎಳೆದರೆ ಊರಿನ ಮೇಲೆ ಕಪ್ಪು ಮೋಡ ಕವಿದು, ಸೂರ್ಯ ಮತ್ತೆ ಕಾಣಿಸುವುದೇ ಇಲ್ಲವಂತೆ. ಪ್ರಳಯಾಂತಕ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಭಾಷಣ ಮಾಡಿದ, ಬಹಳ ಹೊತ್ತು. ಕೊನೆಗೆ ಅಟ್ಟಹಾಸ ಮಾಡಿದ. ಧಣಿ ಅಟ್ಟಹಾಸ ಮಾಡಿದರೆ ಅನುಚರರೂ ಜೊತೆಗೆ ನಗಬೇಕು. ನೌಕರಿಯ ಮುಖ್ಯ ಭಾಗವೇ ಅದು. ಗುಬ್ಬಿ ಬಾಯಿ ತೆರೆದು 'ಹಹ್ಹಾ' ಎಂದ. ಮೊದಲ 'ಹ'ಕ್ಕೆ ಹತ್ತಿಯ ಉಂಡೆ ಜಾರಿತು, ಎರಡನೆಯದಕ್ಕೆ ಗಂಟಲಿಗಿಳಿಯಿತು. ತಣ್ಣನೆಯ ಗಾಳಿ ಹಲ್ಲಿನ ಬುಡಕ್ಕೆ ಸೂಜಿಯಂತೆ ನುಗ್ಗಿತು. ಮುಖವಾಡದ ತೂತುಗಳಿಂದ ಕಣ್ಣೀರು ದಳದಳ ಇಳಿಯಿತು.

ಪಕ್ಕದಲ್ಲಿದ್ದವನು ಕರಡಿ. ಕಲ್ಲು ಪುಡಿ ಮಾಡುವ ಕೈ, ಬೆಣ್ಣೆಯಂಥ ಮನಸ್ಸು. ಯಾರ ಕಣ್ಣಲ್ಲಿ ನೀರು ಕಂಡರೂ ಅದರ ಮೂಲ ಹುಡುಕದೆ ಬಿಡುವವನಲ್ಲ. "ಏನಾಯ್ತೋ ಗುಬ್ಬಿ?" ಎಂದು ಭುಜ ಹಿಡಿದು ಅಲುಗಾಡಿಸಿದ.

ಹತ್ತಿ ಹೋಯಿತು ಎಂದು ಹೇಳಲು ಹೊರಟ ಗುಬ್ಬಿಯ ಊದಿದ ಬಾಯಿಂದ ಬಂದದ್ದು ಇಷ್ಟೇ: "ಅತ್ತಿ... ಓಯ್ತು..."

ಅದು 'ಓಯ್ತು'ವೋ 'ಓದ್ಲು'ವೋ ದೇವರಿಗೇ ಗೊತ್ತು. ಕರಡಿಗೆ ಮಾತ್ರ 'ಅತ್ತೆ ಹೋದ್ಲು' ಎಂದು ಸ್ಪಷ್ಟವಾಗಿ ಕೇಳಿಸಿತು. ಅವನು ಇಡೀ ನೆಲಮಾಳಿಗೆ ಮೊಳಗುವಂತೆ, "ಮಹಾಪ್ರಭು, ನಮ್ಮ ಗುಬ್ಬಿಯ ಅತ್ತೆ ಹೋಗಿಬಿಟ್ರಂತೆ" ಎಂದ.

ನಗು ನಿಂತಿತು. ಪ್ರಳಯಾಂತಕ ಕೆಂಪು ಹಿಡಿಯಿಂದ ಕೈ ತೆಗೆದ. ಸತ್ತದ್ದು ಸ್ವಂತ ಅತ್ತೆಯೇ ಎಂದು ಮೆಲುದನಿಯಲ್ಲಿ ವಿಚಾರಿಸಿದ. ಗುಬ್ಬಿ ಅಲ್ಲ ಎಂದು ತಲೆಯಾಡಿಸುವಷ್ಟರಲ್ಲಿ ಕರಡಿ ಅವನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಿದ್ದ. ಆ ಎದೆಯೊಳಗೆ ಹುದುಗಿದ್ದಾಗಲೇ, ಈ ಕ್ಷಣದಿಂದ ಗುಬ್ಬಿಗೆ ರಜೆ ಎಂಬ ಧಣಿಯ ಮಾತು ಕೇಳಿಸಿತು. ಗುಬ್ಬಿ ಯೋಚಿಸಿದ. ಸುಳ್ಳು ತಾನು ಹೇಳಿದ್ದಲ್ಲ. ರಜೆ ತಾನಾಗಿ ಬಂದಿದೆ. ಬೇಡವೆನ್ನಲು ತಾನು ಯಾರು? ಮೂಗೊರೆಸಿಕೊಂಡು ಮೆಟ್ಟಿಲು ಹತ್ತಿದ. ಬಾಗಿಲು ದಾಟುವಾಗ ಹಿಂದಿನಿಂದ ಧಣಿಯ ದನಿ ಬಂತು: "ಇವತ್ತಿನ ಪ್ರಳಯ ರದ್ದು. ಮಧ್ಯಾಹ್ನ ಎಲ್ಲರೂ ಅವನ ಮನೆಗೆ ಹೋಗಿ ಸಮಾಧಾನ ಹೇಳಿ ಬರೋಣ. ಹೂವು ತರಿಸಿ."

ಡಾಕ್ಟರ ದಾರಿ ಎಡಕ್ಕೆ, ಮನೆಯ ದಾರಿ ಬಲಕ್ಕೆ. ಗುಬ್ಬಿ ಎಡಗಡೆ ಆಸೆಯಿಂದ ನೋಡಿ ಬಲಗಡೆ ಓಡಿದ.

ಅತ್ತೆ ಹಜಾರದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಗುಬ್ಬಿ ಕಾಲು ಹಿಡಿಯುವುದೊಂದು ಬಾಕಿ. ಕಂಪನಿಯವರು ಬರ್ತಿದ್ದಾರೆ, ಅರ್ಧ ಗಂಟೆ ಸತ್ತಂತೆ ಮಲಗಬೇಕು, ಇಲ್ಲದಿದ್ದರೆ ಕೆಲಸ ಹೋಗುತ್ತದೆ, ಪ್ರಾಣ ಹೋದರೂ ಹೋದೀತು ಎಂದು ಗೋಗರೆದ. ಅವನ ಹೆಂಡತಿ ಒಳಗಿಂದ ಬಂದು, "ಏನೂಂದ್ರೆ, ನಿಮಗೆ ಹಲ್ಲುನೋವು ತಲೆಗೇರಿದೆಯಾ?" ಎಂದಳು. ಬದುಕಿರುವ ತಾಯಿಯನ್ನು ಮಲಗಿಸಿ ಮುಸುಕು ಹಾಕುವುದು ತನ್ನಿಂದಾಗದು ಎಂದಳು.

ಆದರೆ ಅತ್ತೆಯ ಕಣ್ಣಲ್ಲಿ ಬೇರೆಯೇ ಬೆಳಕಿತ್ತು. ಪ್ರಾಯದಲ್ಲಿ ಅವರು ನಾಟಕದ ತಂಡದಲ್ಲಿದ್ದವರು. ತಟ್ಟೆ ಹಿಡಿದು ಬಂದು ತಟ್ಟೆ ಹಿಡಿದು ಹೋಗುವ ಪಾತ್ರಕ್ಕಿಂತ ಹೆಚ್ಚಿನದನ್ನು ಯಾರೂ ಕೊಟ್ಟಿರಲಿಲ್ಲ.

"ನಾನು ಯಾವ ಕಾಯಿಲೆಯಿಂದ ಹೋದದ್ದು ಅಳಿಯಂದ್ರೆ?" ಎಂದು ಕೇಳಿದರು.

ಗುಬ್ಬಿಗೆ ತೋಚಿದ್ದು ಎದೆನೋವು. ಅದು ಎಲ್ಲರೂ ಸಾಯುವ ರೀತಿ ಎಂದು ಅತ್ತೆ ಮುಖ ಸಿಂಡರಿಸಿದರು. ಸಾಯುವ ಮುಂಚೆ ಎರಡು ಮಾತಾದರೂ ಇರಲಿ ಎಂದು ಚೌಕಾಸಿ ಮಾಡಿದರು. ಆಗಲೇ ಸತ್ತಾಗಿದೆ, ಈಗ ಮಾತಿಗೆ ಅವಕಾಶವಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ಗುಬ್ಬಿಯ ಇನ್ನೊಂದು ಕೆನ್ನೆಯೂ ನೋಯತೊಡಗಿತ್ತು.

ಅಷ್ಟರಲ್ಲಿ ಧಣಿ ತರಿಸಿದ ಹೂವು ಹೊತ್ತುಬಂದ ಹೂವಿನಂಗಡಿಯವನು ಬೀದಿಯಲ್ಲಿ ಸಾವಾದ ಮನೆ ಯಾವುದೆಂದು ವಿಚಾರಿಸಿದ್ದ. ವಿಚಾರಿಸಿದ್ದು ಎದುರುಮನೆಯ ದರ್ಜಿಯನ್ನು. ದರ್ಜಿಗೆ ಒಂದು ಸುದ್ದಿ ಸಿಕ್ಕರೆ ಮೈಕಿಗೆ ಸಿಕ್ಕಂತೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಬಿಳಿ ಹೊದಿಕೆ ಎಳೆದುಕೊಳ್ಳುವ ಹೊತ್ತಿಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೂರಲು ಕುರ್ಚಿ ಎಲ್ಲಿ, ಕಿಟಕಿ ಯಾಕೆ ಮುಚ್ಚಿದ್ದೀರಿ, ಯಾವ ಆಸ್ಪತ್ರೆಗೆ ತೋರಿಸಿದ್ದಿರಿ ಎಂದು ಪ್ರತಿಯೊಬ್ಬರೂ ಕೇಳಿದರು. ಅಳಿಯನ ಊದಿದ ಮುಖ ನೋಡಿ, ಅತ್ತೆಗಾಗಿ ಇಷ್ಟು ಅತ್ತವನನ್ನು ಈ ಬೀದಿ ಕಂಡಿಲ್ಲ ಎಂದು ಮೆಚ್ಚಿಕೊಂಡರು. ದರ್ಜಿ ಮಂಚದ ಬಳಿ ಬಗ್ಗಿ, ಹೋದ ತಿಂಗಳು ಅಳತೆ ತಪ್ಪಿದ್ದು ತನ್ನದೇ, ನೀವು ದಪ್ಪಗಾಗಿದ್ದೀರಿ ಅಂತ ಸುಳ್ಳು ಹೇಳಿದೆ, ಕ್ಷಮಿಸಿ ತಾಯಿ ಎಂದು ಗದ್ಗದಿತನಾದ. ಹೊದಿಕೆಯೊಳಗಿಂದ ಹಲ್ಲು ಕಡಿದ ಸದ್ದು ಗುಬ್ಬಿಗೊಬ್ಬನಿಗೆ ಕೇಳಿಸಿತು.

ಹೊರಗೆ ವ್ಯಾನು ನಿಂತಿತು. ಕಪ್ಪು ಸಮವಸ್ತ್ರದವರು ಸಾಲಾಗಿ ಇಳಿದರು, ಕೊನೆಗೆ ಕಬ್ಬಿಣದ ಮುಖವಾಡದ ಧಣಿ. ಬೀದಿಯವರು ಬಾಯಿ ಬಿಟ್ಟುಕೊಂಡು ನಿಂತರು. ಶೀತಲಗೃಹದವರು, ಥಂಡಿ ತಾಗಬಾರದೂಂತ ಹಾಗೆ ಎಂದು ದರ್ಜಿಯೇ ಎಲ್ಲರಿಗೂ ವಿವರಿಸಿ ಗುಬ್ಬಿಯನ್ನು ಕಾಪಾಡಿದ.

ಪ್ರಳಯಾಂತಕ ಮಂಚದ ಬಳಿ ಬಂದು, ಮುಖದ ಮೇಲಿನ ಹೊದಿಕೆ ಸರಿಸಿ, ತೋಳಗಲದ ಹೂಗುಚ್ಛವನ್ನು ಅತ್ತೆಯ ಎದೆಯ ಮೇಲೆ, ಸರಿಯಾಗಿ ಮೂಗಿನ ಕೆಳಗೆ ಇಟ್ಟ. ಸಾವಿನ ಮುಂದೆ ಪ್ರಳಯವೂ ಸಣ್ಣದು ಎಂದು ಶುರುಮಾಡಿದ. ಗುಬ್ಬಿ ನೋಡುತ್ತಿದ್ದಂತೆಯೇ ಅತ್ತೆಯ ಮೂಗಿನ ಹೊಳ್ಳೆ ಅರಳಿತು. ಇಡೀ ಮಂಚ ಕುಪ್ಪಳಿಸುವಂತೆ ಅತ್ತೆ ಸೀನಿದರು. ದಳಗಳು ಹಾರಿ ಧಣಿಯ ಮುಖವಾಡಕ್ಕೆ ಅಂಟಿಕೊಂಡವು.

ಚೂರಿಯ ಕೈ ಸೊಂಟಕ್ಕೆ ಹೋಯಿತು.

ಪ್ರಳಯಾಂತಕ ನಿಧಾನವಾಗಿ ದಳಗಳನ್ನು ಒರೆಸಿಕೊಂಡು, "ಗಾಬರಿಯಾಗಬೇಡಿ. ಒಳಗೆ ಉಳಿದ ಗಾಳಿ ಹೀಗೆ ಹೊರಗೆ ಬರುತ್ತೆ. ವಿಜ್ಞಾನ" ಎಂದ. ಕರಡಿ ಹೌದೆಂದು ಕಣ್ಣೊರೆಸಿಕೊಂಡ. ಬೀದಿಯವರೂ ತಮಗೆ ಇದು ಮೊದಲೇ ಗೊತ್ತಿತ್ತೆಂಬಂತೆ ತಲೆದೂಗಿದರು. ಆಮೇಲೆ ಧಣಿ ಗುಬ್ಬಿಯ ಕುತ್ತಿಗೆಪಟ್ಟಿ ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಗಿಲು ಹಾಕಿದ.

ಗುಬ್ಬಿಗೆ ತನ್ನ ಕತೆ ಮುಗಿಯಿತೆನ್ನಿಸಿತು. ಪ್ರಳಯಾಂತಕ ಮುಖವಾಡ ತೆಗೆದ. ಒಳಗಿದ್ದುದು ಬೆವರಿ ಸುಸ್ತಾದ, ಸಾಮಾನ್ಯ ಮುಖ. ಅವನು ಗುಬ್ಬಿಯ ಎರಡೂ ಕೈ ಹಿಡಿದುಕೊಂಡ.

"ಬದುಕಿಸಿದೆ ಕಣಯ್ಯಾ. ಆ ಯಂತ್ರ ನಡೆಯಲ್ಲ."

"ಕೆಟ್ಟೋಗಿದೆಯಾ ಮಹಾಪ್ರಭು?"

"ಕೆಡೋದಕ್ಕೆ ಯಾವತ್ತಾದ್ರೂ ನಡೆದಿರಬೇಕಲ್ಲ. ಮೋಡ ಮಾಡೋದು ಹೇಗೇಂತ ನನಗೆ ಗೊತ್ತಿಲ್ಲ. ಇವತ್ತು ಹಿಡಿ ಎಳೆದಿದ್ರೆ ಚೂರಿ ನನ್ನನ್ನೇ ಸಿಗಿದುಹಾಕ್ತಿದ್ದ. ನಾಳೆ ಎಳೆಯೋಣ ಅಂತಾನೆ ಈಗ. ಒಂದು ಸಾವಿಗೆ ಒಂದೇ ದಿನ ರಜೆಯಂತೆ."

ಗುಬ್ಬಿಗೆ ಎಷ್ಟು ಹಗುರವಾಯಿತೆಂದರೆ ಹಲ್ಲುನೋವೇ ಮರೆತುಹೋಯಿತು. ಧಣಿ ತನ್ನ ಕಡೆಗಿದ್ದಾನೆ. ಡಾಕ್ಟರು ಇನ್ನೂ ಬಾಗಿಲು ಹಾಕಿರಲಿಕ್ಕಿಲ್ಲ. ಈಗಲೇ ಹೊರಟರೆ ಸಿಕ್ಕಾರು ಎಂದು ಬಾಯಿ ತೆರೆಯುವಷ್ಟರಲ್ಲಿ ಧಣಿ ಅವನನ್ನೇ ದಿಟ್ಟಿಸತೊಡಗಿದ. ಅಂಗಡಿಯಲ್ಲಿ ಕಲ್ಲಂಗಡಿ ಆರಿಸುವವನ ನೋಟ ಅದು. ಆಮೇಲೆ ಮುಖವಾಡ ಹಾಕಿಕೊಂಡು, ಇಲ್ಲೇ ಇರು ಎಂದು ಸನ್ನೆ ಮಾಡಿ ಹಜಾರಕ್ಕೆ ಹೋದ.

ಬಾಗಿಲ ಸಂದಿಯಿಂದ ಗುಬ್ಬಿ ಎಲ್ಲವನ್ನೂ ಕೇಳಿಸಿಕೊಂಡ. ಅತ್ತೆ ಹೋದ ದುಃಖ ತಾಳಲಾರದೆ ಗುಬ್ಬಿ ತನ್ನ ತೋಳಲ್ಲೇ ಎದೆಯೊಡೆದು ಸತ್ತನೆಂದು ಧಣಿ ಹೇಳುತ್ತಿದ್ದ. ಕರಡಿ ಗೋಡೆಗೆ ತಲೆ ಚಚ್ಚಿಕೊಂಡ. ಚೂರಿ ಕೂಡ ಟೋಪಿ ತೆಗೆದ. ಒಂದೇ ಮನೆಯಲ್ಲಿ ಒಂದೇ ದಿನ ಎರಡು ಸಾವು. ಇನ್ನು ಒಂದು ವರ್ಷ ಪ್ರಳಯದ ಮಾತೆತ್ತಬಾರದೆಂದು ಚೂರಿಯೇ ಎಲ್ಲರ ಮುಂದೆ ಸಾರಿದ. ಗುಬ್ಬಿಯ ಹೆಂಡತಿ ಚೀರುತ್ತ ಅಡುಗೆಮನೆಗೆ ನುಗ್ಗಿದವಳು, ಗಂಡ ತುಟಿಯ ಮೇಲೆ ಬೆರಳಿಟ್ಟು ನಿಂತಿರುವುದನ್ನು ನೋಡಿ, ಚೀರುವುದನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯದೆ ನಡುವೆಯೇ ಕೂತುಬಿಟ್ಟಳು.

ಎರಡೂ ಸಂಸ್ಕಾರ ತನ್ನ ಹೊಣೆ ಎಂದು ಎಲ್ಲರನ್ನೂ ಕಳಿಸಿ ಧಣಿ ಅಡುಗೆಮನೆಗೆ ಕೊನೆಗೊಮ್ಮೆ ಇಣುಕಿದ. "ನಾಳೆ ಬೆಳಿಗ್ಗೆ ಕೆಲಸಕ್ಕೆ ಬಾ. ಮುಖವಾಡ ತೆಗೀಬೇಡ, ಬಾಯಿ ಬಿಡಬೇಡ. ಗುಬ್ಬಿಯ ಜಾಗಕ್ಕೆ ಬಂದ ಹೊಸಬ ನೀನು."

"ಮಹಾಪ್ರಭು, ಹಲ್ಲು ಕೀಳಿಸೋಕೆ ಅರ್ಧ ದಿನ..."

"ಹೊಸಬರಿಗೆ ಮೊದಲ ವರ್ಷ ರಜೆ ಇಲ್ಲವಲ್ಲಯ್ಯಾ" ಎಂದು ಧಣಿ ನಿಜವಾಗಿಯೂ ನೊಂದುಕೊಂಡು ಹೊರಟುಹೋದ.

ಗುಬ್ಬಿ ಕೆನ್ನೆ ಹಿಡಿದುಕೊಂಡು ಹಜಾರಕ್ಕೆ ಬಂದ. ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು, ಮುಖ ಗಂಟಿಕ್ಕಿಕೊಂಡು.

"ಅಷ್ಟು ಹೊತ್ತು ಅಲ್ಲಾಡದೆ ಸತ್ತವಳು ನಾನು," ಎಂದರು. "ಹೋಗುವಾಗ ಎಲ್ಲರೂ ಅತ್ತಿದ್ದು ನಿಮಗೆ."