ನಾಲ್ಕನೇ ಜ್ವರ ಮತ್ತು ನನ್ನ ಕರಿಹಲಗೆ

೧೯೯೧ರ ಜನವರಿ ಆರು, ಭಾನುವಾರ, ಬೆಳಿಗ್ಗೆ ಏಳೂಕಾಲು. ದಿನಚರಿ ಬರೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರ ಸಹನೆ ನನಗಿಲ್ಲ. ಬರೆದದ್ದನ್ನು ನಾಲ್ಕು ಜನ ಓದದಿದ್ದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಸಾದಲಿಯ ಬಸ್ ನಿಲ್ದಾಣದಲ್ಲಿ ಮಾಬು ಸಾಬರ ಟೀ ಅಂಗಡಿಯ ಗೋಡೆಗೆ ಕರಿಹಲಗೆಯೊಂದನ್ನು ನೇತುಹಾಕಿ, ದಿನವೂ ತಾರೀಕು ಹಾಕಿ ನಮ್ಮ ಮನೆಯ ಸಮಾಚಾರ ಬರೆಯುತ್ತೇನೆ. ಕೆಳಗೆ ಅರ್ಧ ಜಾಗ ಓದುಗರಿಗೆ ಬಿಟ್ಟು, ಪಕ್ಕದಲ್ಲಿ ದಾರ ಕಟ್ಟಿದ ಸೀಮೆಸುಣ್ಣವನ್ನೂ ಇಟ್ಟಿದ್ದೇನೆ. ಹೊಸದಾಗಿ ಇಂಥದ್ದನ್ನು ಶುರುಮಾಡುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ. ಮೊದಲ ಪಾಠ: ಚಿಕ್ಕದಾಗಿ ಬರೆಯಿರಿ. ಎರಡನೆಯದು: ತೀರಾ ಚಿಕ್ಕದಾಗಿ ಬರೆಯಬೇಡಿ. ಈ ಎರಡನೆಯದನ್ನು ನಾನು ಕಲಿಯುವಷ್ಟರಲ್ಲಿ ನಮ್ಮಕ್ಕನ ಮದುವೆ ತಪ್ಪಿಹೋಗುವುದರಲ್ಲಿತ್ತು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಹೊತ್ತಿಗೆ ಅದಕ್ಕೆ ನಾಲ್ಕು ಸಲ ಜ್ವರ, ಕಟ್ಟಿದ ಮೇಲೆ ನೂಲು ತೆಗೆಯಲು ಕುದಿಯುವ ನೀರು. ಜ್ವರದ ದಿನ ಹುಳುವಿನ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ; ಸೊಪ್ಪು ಹಾಕುವ ಕೆಲಸವಿಲ್ಲದೆ ಮನೆಯವರಿಗೂ ಪುರುಸೊತ್ತು. ಆ ಪುರುಸೊತ್ತು ನೋಡಿಯೇ ನಮ್ಮಪ್ಪ ಮುನಿಶಾಮಪ್ಪನವರು ಗೌರಿಬಿದನೂರಿನ ಗಂಡಿನವರಿಗೆ ಅಕ್ಕನನ್ನು ನೋಡಲು ಬರಹೇಳಿದ್ದರು. ಅವರು ಪೇಟೆಯವರು, ರೇಷ್ಮೆ ಅವರಿಗೆ ಗೊತ್ತಿದ್ದುದು ಸೀರೆಯಾದ ಮೇಲೆ. ಅವರು ಬರುವ ದಿನ ಬೆಳಿಗ್ಗೆ ನಾನು ಬರೆದದ್ದು: 'ಮುನಿಶಾಮಪ್ಪನವರ ಮನೆಯಲ್ಲಿ ನಾಲ್ಕನೇ ಜ್ವರ. ಹೊರಗಿನವರು ಒಳಗೆ ಬರಬಾರದು.'

ಗಂಡು ಮತ್ತು ಅವರ ಸೋದರಮಾವ ಹೇಳಿದ್ದಕ್ಕಿಂತ ಮೊದಲಿನ ಬಸ್ಸಿಗೇ ಬಂದು, ಮನೆ ಯಾವುದೆಂದು ಕೇಳಲು ಅಂಗಡಿಯ ಮುಂದೆ ನಿಂತು, ಇದನ್ನು ಓದಿದರು. ಕೆಳಗೆ ಓದುಗರೊಬ್ಬರ ಸಲಹೆ: 'ಎದ್ದ ಮೇಲೆ ಹೊಟ್ಟೆ ತುಂಬಾ ಸೊಪ್ಪು ಹಾಕಿ.' ಅದರ ಕೆಳಗೆ ಇನ್ನೊಬ್ಬರು: 'ಕೊನೆಗೆ ಕುದಿಯೋ ನೀರಿಗೆ ಹಾಕೋದು ಇದ್ದೇ ಇದೆಯಲ್ಲ!' ಸೋದರಮಾವ ಕರವಸ್ತ್ರವನ್ನು ಮೂಗಿಗೆ ಹಿಡಿದು, "ನಡಿಯಪ್ಪಾ, ಇದೇ ಬಸ್ಸಿಗೆ ವಾಪಸ್ ಹೋಗಣ" ಎಂದರಂತೆ. ಅಷ್ಟರಲ್ಲಿ ಸಾಯಂಕಾಲಕ್ಕೆ ಬೇಕಾದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ನಮ್ಮಕ್ಕ ಅದೇ ದಾರಿಯಲ್ಲಿ ಬಂದಳು. ಇವರು ಯಾರೆಂದು ಅವಳಿಗೆ ಗೊತ್ತಿಲ್ಲ, ಅವಳು ಯಾರೆಂದು ಇವರಿಗೆ ಗೊತ್ತಿಲ್ಲ.

"ಏನಮ್ಮಾ, ಮುನಿಶಾಮಪ್ಪನೋರ ಮನೇಲಿ ಜ್ವರ ಜಾಸ್ತೀನಾ?" ಎಂದರು ಸೋದರಮಾವ.

"ನಿನ್ನೆ ಕೂತ್ಕೊಂಡ್ವು ಸಾರ್. ಸಾಯಂಕಾಲ ಏಳ್ತವೆ."

"ಏಳ್ತವೆ? ಮನೆ ಜನಾನ ಹಿಂಗಾ ಅನ್ನೋದು?"

"ಜನ ಎಲ್ಲಿ ಬಂದ್ರು ಸಾರ್, ಹುಳ! ಜನ ಜ್ವರಕ್ಕೆ ಕೂತ್ರೆ ಸೊಪ್ಪು ತರೋರ್ಯಾರು?"

ಗಂಡು ನಕ್ಕ ರಭಸಕ್ಕೆ ಮಾಬು ಸಾಬರು ಒಳಗಿನಿಂದ ಓಡಿಬಂದರು. "ಮಾವಾ, ಬಸ್ಸು ಹೋಗ್ಲಿ ಬಿಡಿ" ಎಂದರಂತೆ ಗಂಡು, ಅಕ್ಕ ಹೋದ ದಾರಿಯನ್ನೇ ನೋಡುತ್ತ. ಮಧ್ಯಾಹ್ನ ಅಕ್ಕ ಕಾಫಿ ತಂದಾಗ ಮತ್ತೆ ಅದೇ ನಗು. ಒಪ್ಪಿಗೆಯಾಯಿತು. ಸಾಯಂಕಾಲ ಹುಳುಗಳು ಎದ್ದವು. ಅವುಗಳ ಜೊತೆ, ಮಧ್ಯಾಹ್ನದಿಂದ ಅಪ್ಪನಿಗೆ ಹೆದರಿ ಅಟ್ಟದಲ್ಲಿ ಅಡಗಿದ್ದ ನಾನೂ ಎದ್ದು ಕೆಳಗಿಳಿದೆ. ಅಪ್ಪ ಹೇಳಿದ್ದು ಇಷ್ಟೇ: "ಇನ್ಮೇಲೆ ಹುಳ ಅಂತ ಬರಿಯೋ, ಹುಳ ಅಂತ!"

ಅಂದಿನಿಂದ ಹಾಗೇ ಬರೆಯುತ್ತಿದ್ದೇನೆ. ನಿನ್ನೆ ಮಾತ್ರ ಜ್ವರ ಬಂದದ್ದು ನನಗೇ. ಯಾರಿಗೂ ಅನುಮಾನ ಬಾರದಂತೆ 'ನನಗೆ ಜ್ವರ' ಎಂದು ಬರೆದು ಬಂದು, ಯಾರಾದರೂ ಗಂಜಿ ತರುತ್ತಾರೇನೋ ಎಂದು ಕಂಬಳಿ ಹೊದ್ದು ಕಾದೆ. ಯಾರೂ ಬರಲಿಲ್ಲ. ಈಗ ಹೋಗಿ ನೋಡಿದರೆ ಕೆಳಗೆ ಮಾಬು ಸಾಬರ ಅಕ್ಷರ: 'ಎಷ್ಟನೇದು?'

ಮನುಷ್ಯನ ಜ್ವರ ಮನುಷ್ಯನದೇ ಎಂದು ಈ ಊರಿಗೆ ತಿಳಿಯುವಂತೆ ಬರೆಯುವುದು ಹೇಗೆಂದು ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ಕುದಿಯುವ ನೀರಿನ ವಿಷಯ ಬೇಡ.